ಬ್ಯಾಟರಿ ಆಸಿಡ್ ತಿಂದ ಹಳೇ ಕಾರಿಗೆ ಯಾವ ರಿಪೇರಿ? ಸೋಡಾ ನೀರಿಂದ ವೆಲ್ಡಿಂಗ್‌ವರೆಗೆ ಒಂದೊಂದನ್ನೇ ತೂಗಿ ನೋಡೋಣ

ನಮ್ಮನೇಲಿ 1986ರ ಪ್ರೀಮಿಯರ್ ಪದ್ಮಿನಿ ಇದೆ, ಅಪ್ಪ ತಗೊಂಡಿದ್ದು, ಈಗಲೂ ಭಾನುವಾರ ಭಾನುವಾರ ತೀರ್ಥಹಳ್ಳಿ ಕಡೆ ಒಂದು ಸುತ್ತು ಹೋಗಿ ಬರತ್ತೆ. ಮೂರು ವರ್ಷದ ಹಿಂದೆ ಬ್ಯಾಟರಿ ಬದಲಾಯಿಸೋಣ ಅಂತ ಹಳೇದನ್ನ ಎತ್ತಿದ್ರೆ ಅದರ ಜೊತೆ ಅದು ಕೂರೋ ಟ್ರೇ ತಳಾನೂ ಎದ್ದು ಬಂತು, ಹಪ್ಪಳದ ಥರ ಪದರ ಪದರವಾಗಿ. ಅದಕ್ಕೂ ಎರಡು ವರ್ಷ ಮುಂಚೆ ನಾನೇ ಅಲ್ಲಿ ವೈರ್ ಬ್ರಷ್ ಹೊಡೆದು ಕಪ್ಪು ಪೇಂಟ್ ಬಳಿದಿದ್ದೆ, ಮೇಲಿಂದ ನೋಡಿದ್ರೆ ಚೆನ್ನಾಗೇ ಇತ್ತು, ಪೇಂಟಿನ ಅಡಿಯಲ್ಲಿ ಆಸಿಡ್ ತಿಂತಾನೇ ಇತ್ತು. ಆಮೇಲೆ ಒಬ್ಬೊಬ್ಬರನ್ನ ಕೇಳಿದ್ರೆ ಒಬ್ಬೊಬ್ಬರದ್ದು ಒಂದೊಂದು ಮಾತು. ಒಬ್ರು "ಪ್ಯಾಚ್ ಹೊಡೀರಿ ಸಾಕು" ಅಂದ್ರು, ಇನ್ನೊಬ್ರು "ಏಪ್ರನ್ ಪೂರ್ತಿ ಕಟ್ ಮಾಡ್ಬೇಕು ಸರ್" ಅಂದ್ರು (ಏಪ್ರನ್ ಅಂದ್ರೆ ಬಾನೆಟ್ ಒಳಗೆ ಚಕ್ರದ ಕಡೆ ಇರೋ ಪಕ್ಕದ ತಗಡು), ಮತ್ತೊಬ್ರು "ಸ್ಟೇನ್‌ಲೆಸ್ ಸ್ಟೀಲ್ ಟ್ರೇ ಮಾಡಿಸಿಬಿಡಿ, ಜನ್ಮಕ್ಕೆ ಆಗತ್ತೆ" ಅಂದ್ರು. ಆವಾಗ ಓದಿದ್ದು, ಮಾಡಿ ಕಲಿತಿದ್ದು, ಆಮೇಲೆ ಇಬ್ರು ಸ್ನೇಹಿತರ ಕಾರಲ್ಲಿ (ಒಂದು ಅಂಬಾಸಿಡರ್, ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್) ಕೈ ಹಾಕಿ ನೋಡಿದ್ದು, ಎಲ್ಲಾ ಸೇರಿಸಿ ಇಲ್ಲಿ ಬರೀತಿದೀನಿ. ಯಾವ ಹಂತದಲ್ಲಿ ಎಷ್ಟು ಆಯ್ಕೆ ಇದೆ, ನಾನಾದ್ರೆ ಯಾವುದನ್ನ ತಗೋತೀನಿ, ಯಾಕೆ ಅಂತ.

ಮೊದಲು ಒಂದು ವಿಷಯ ತಲೇಲಿ ಇರ್ಲಿ. ಮಾಮೂಲಿ ತುಕ್ಕಿಗೂ ಆಸಿಡ್ ತುಕ್ಕಿಗೂ ವ್ಯತ್ಯಾಸ ಇದೆ. ಬ್ಯಾಟರಿ ಒಳಗಿರೋದು ಸಲ್ಫ್ಯೂರಿಕ್ ಆಸಿಡ್, ಫುಲ್ ಚಾರ್ಜ್ ಇದ್ದಾಗ ಹೈಡ್ರೋಮೀಟರ್‌ನಲ್ಲಿ (ದ್ರವ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ತೋರಿಸೋ ಸಾಧನ) 1.26ರಿಂದ 1.28 ತೋರಿಸತ್ತಲ್ಲ, ಅಂದ್ರೆ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿನೇ ಆಸಿಡ್. ಚೆಲ್ಲಿದ ಮೇಲೆ ಅದರಲ್ಲಿರೋ ನೀರು ಆರತ್ತೆ ಆದ್ರೆ ಆಸಿಡ್ ಆರಲ್ಲ, ಅಲ್ಲೇ ಇನ್ನೂ ಗಾಢವಾಗಿ ಕೂತಿರತ್ತೆ, ಮತ್ತೆ ಗಾಳಿಯಲ್ಲಿ ತೇವ ಸಿಕ್ಕಿದ ತಕ್ಷಣ ಎಳ್ಕೊಂಡು ಒದ್ದೆಯಾಗತ್ತೆ. ನಮ್ಮ ಮಲೆನಾಡಿನ ಮಳೆಗಾಲ, ಕರಾವಳಿ ಹವೆ ಎರಡೂ ಅದಕ್ಕೆ ಹೇಳಿ ಮಾಡಿಸಿದ ಜಾಗ. ಬೇಸಿಗೇಲಿ ಒಣಗಿದಂಗೆ ಕಾಣೋ ಟ್ರೇ ಜೂನ್ ಬಂದಾಗ ಮತ್ತೆ ಬೆವರೋದು ಇದಕ್ಕೇ. ಹಂಗಾಗಿ ಯಾವ ಪೇಂಟು ಯಾವ ವೆಲ್ಡಿಂಗ್ ಅನ್ನೋ ಮಾತೆಲ್ಲ ಆಸಿಡ್ ಪೂರ್ತಿ ಸತ್ತಮೇಲಿನ ಮಾತು. ನಾನು ಮಾಡಿದ ತಪ್ಪು ಅದೇ, ಆಸಿಡ್ ಕೊಲ್ಲದೇ ಪೇಂಟ್ ಬಳಿದೆ.

ಎಷ್ಟು ಆಳಕ್ಕೆ ಹೋಗಿದೆ ಅಂತ ನೋಡೋದು

ಬ್ಯಾಟರಿ ಬಿಚ್ಚೋವಾಗ ಮೊದಲು ಅರ್ತ್ ಕೇಬಲ್ ಬಿಚ್ಚಿ. ಹಳೇ ಬ್ರಿಟಿಷ್ ಕಾರುಗಳಲ್ಲಿ ಬಹಳಷ್ಟು ಪಾಸಿಟಿವ್ ಅರ್ತ್ (ಅಂದ್ರೆ ಪ್ಲಸ್ ಟರ್ಮಿನಲ್ಲೇ ಕಾರಿನ ತಗಡಿಗೆ ಸೇರಿರತ್ತೆ), ಆದ್ದರಿಂದ ಮೈನಸ್ ಅಂದ್ರೆ ಅರ್ತ್ ಅಂತ ಕಣ್ಮುಚ್ಚಿ ಅಂದ್ಕೋಬೇಡಿ, ಕಾರಿನ ಮೈ ತಗಡಿಗೆ ಹೋಗೋ ಕೇಬಲ್ ಯಾವುದು ಅಂತ ನೋಡಿ ಬಿಚ್ಚಿ. ಕನ್ನಡಕ, ರಬ್ಬರ್ ಗ್ಲೌಸ್ ಹಾಕಿ, ಹಳೇ ಬಟ್ಟೆ ಹಾಕಿ. ಕಾಟನ್ ಅಂಗಿ ಮೇಲೆ ಒಂದು ಹನಿ ಬಿದ್ರೂ ಆವತ್ತು ಏನೂ ಕಾಣಲ್ಲ, ಒಗೆದ ಮೇಲೆ ತೂತು. ಕಣ್ಣಿಗೆ ಸಿಡಿದ್ರೆ ಕನಿಷ್ಠ 15 ನಿಮಿಷ ಧಾರಾಕಾರ ನೀರು ಬಿಟ್ಟು ತೊಳೆದು ಸೀದಾ ಡಾಕ್ಟರ್ ಹತ್ರ ಹೋಗೋದು, ಕಣ್ಣಿಗೆ ಸೋಡಾ ಗೀಡಾ ಏನೂ ಹಾಕಬಾರದು.

ಆಮೇಲೆ ಒಂದು ಹಳೇ ಸ್ಕ್ರೂಡ್ರೈವರ್ ತಗೊಂಡು ಟ್ರೇ ತುಂಬಾ ಚುಚ್ಚಿ ನೋಡಿ, ಮೆಲ್ಲಗಲ್ಲ, ಸ್ವಲ್ಪ ಜೋರಾಗೇ. ಟಣ್ ಅಂದ್ರೆ ತಗಡು ಗಟ್ಟಿ ಇದೆ, ಬರೀ ಪೇಂಟ್ ಉಬ್ಬಿರೋದು. ಚುಚ್ಚಿದಾಗ ತಗ್ಗು ಬಿದ್ದು ತುದಿ ಸಿಕ್ಕಿಹಾಕ್ಕೊಂಡ್ರೆ ಗುಂಡಿ ಗುಂಡಿ ತಿಂದಿದೆ ಅಂತ. ಪುಸಕ್ ಅಂತ ಆಚೆ ಹೋದ್ರೆ ತಗಡೇ ಇಲ್ಲ. ಇದೇ ಮೂರು ಸ್ಥಿತಿ, ಮುಂದಿನ ಆಯ್ಕೆ ಎಲ್ಲಾ ಇದರ ಮೇಲೆ ನಿಂತಿರೋದು. ಟ್ರೇ ಅಷ್ಟೇ ನೋಡಿ ಬಿಡಬೇಡಿ, ಕಾರಿನ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿ. ಆಸಿಡ್ ಕೆಳಕ್ಕೆ ಇಳಿಯತ್ತೆ, ಎರಡು ತಗಡು ಸ್ಪಾಟ್ ವೆಲ್ಡ್ ಆಗಿರೋ ಸಂದೀಲಿ ನುಗ್ಗಿ ಅಲ್ಲಿ ಕೂತ್ಕೊಳತ್ತೆ, ಏಪ್ರನ್, ಶಾಸಿ ಮೆಂಬರ್ (ಕಾರಿನ ಭಾರ ಹೊರೋ ಅಡಿಯ ಉದ್ದ ಪಟ್ಟಿ), ಕೆಳಗೆ ಹಾದುಹೋಗಿರೋ ಬ್ರೇಕ್ ಪೈಪು, ವೈರಿಂಗ್, ಎಲ್ಲಾ ನೋಡಬೇಕು. ಬ್ರೇಕ್ ಪೈಪಲ್ಲಿ ಗುಂಡಿ ಕಂಡ್ರೆ ಯೋಚನೆ ಮಾಡೋಕೆ ಹೋಗ್ಬೇಡಿ, ಪೈಪ್ ಬದಲಾಯಿಸಿ.

ಪದ್ಮಿನಿ, ಅಂಬಾಸಿಡರ್ ಎರಡರಲ್ಲೂ ಬಾನೆಟ್ ಎತ್ತಿದ್ರೆ ಬ್ಯಾಟರಿ ಕಣ್ಣೆದುರಿಗೇ ಇರತ್ತೆ, ಅದು ನಮ್ಮ ಪುಣ್ಯ. ಹೆರಾಲ್ಡ್‌ನಲ್ಲಿ ಬ್ಯಾಟರಿ ಕೂತಿರೋದು ಬಲ್ಕ್‌ಹೆಡ್ (ಇಂಜಿನ್ನಿಗೂ ಜನ ಕೂರೋ ಜಾಗಕ್ಕೂ ಮಧ್ಯದ ಗೋಡೆ ತಗಡು) ಮೇಲೆ, ಅಲ್ಲಿ ತೂತಾದ್ರೆ ಆಸಿಡ್ಡೂ ಮಳೆನೀರೂ ಕಾರೊಳಗೇ ಬರೋ ದಾರಿ ಆಗತ್ತೆ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಹಿಂದಿನ ಸೀಟಿನ ಅಡಿಯಲ್ಲಿ, ಸೀದಾ ಫ್ಲೋರ್ ಪ್ಯಾನ್ ಮೇಲೆ, ಹಂಗಾಗಿ ಸೀಟ್ ಎತ್ತದೇ ಬೀಟಲ್ ತಗೋಬೇಡಿ. ಹಳೇ ಮಿನಿ ಆದ್ರೆ ಡಿಕ್ಕಿಯಲ್ಲಿ ನೋಡಿ. ಇಂಥ ಕಾರುಗಳಲ್ಲಿ ತೂತು ಅಂದ್ರೆ ಬರೀ ಟ್ರೇ ತೂತಲ್ಲ, ಬಾಡಿಯ ಬಲಕ್ಕೇ ಪೆಟ್ಟು.

ಆಸಿಡ್ ಸಾಯಿಸೋಕೆ ಯಾವುದು ಒಳ್ಳೇದು

ಬರೀ ನೀರು, ಅಡಿಗೆ ಸೋಡಾ, ಬಟ್ಟೆ ಸೋಡಾ, ಸುಣ್ಣ. ಜನ ಬಳಸೋದು ಈ ನಾಲ್ಕು.

ಬರೀ ನೀರು ಏನೂ ಇಲ್ಲದಿದ್ದಾಗ ಪರವಾಗಿಲ್ಲ, ಈಗಷ್ಟೇ ಚೆಲ್ಲಿದ್ರೆ ಬಕೆಟ್‌ಗಟ್ಟಲೆ ಸುರಿದ್ರೆ ಬಹುಪಾಲು ಹೋಗತ್ತೆ. ಆದ್ರೆ ಸ್ವಲ್ಪ ನೀರು ಹಾಕಿ ಒರೆಸಿದ್ರೆ ಆಸಿಡ್‌ನ ಟ್ರೇಯಿಂದ ಸಂದಿಗೆ ತಳ್ಳಿದಂಗೆ ಅಷ್ಟೇ.

ಸುಣ್ಣ ಬೇಡ. ಆಸಿಡ್ ಜೊತೆ ಸೇರಿ ಜಿಪ್ಸಮ್ ಆಗಿ ಸಂದೀಲಿ ಗಟ್ಟಿ ಕೂತ್ಕೊಳತ್ತೆ, ಆ ಪದರದ ಅಡಿಯಲ್ಲಿ ಆಸಿಡ್ ಉಳಿದ್ರೆ ಗೊತ್ತೇ ಆಗಲ್ಲ, ಮೇಲಾಗಿ ಅಲ್ಯೂಮಿನಿಯಂ ಭಾಗಕ್ಕೆ ತಾಗಿದ್ರೆ ಅದನ್ನೂ ತಿನ್ನತ್ತೆ, ಚರ್ಮಕ್ಕೂ ಒಳ್ಳೇದಲ್ಲ.

ಬಟ್ಟೆ ಸೋಡಾ ಅಂದ್ರೆ ವಾಷಿಂಗ್ ಸೋಡಾ, ಜೋರಾಗಿ ಕೆಲಸ ಮಾಡತ್ತೆ, ಅಗ್ಗ, ಗ್ಯಾರೇಜ್ ನೆಲದ ಮೇಲೆ ಚೆಲ್ಲಿದ ಆಸಿಡ್‌ಗೆ ನಾನೂ ಅದನ್ನೇ ಬಳಸ್ತೀನಿ. ಕಾರಿನ ಮೇಲೆ ಬಳಸೋಕೆ ಹಿಂಜರಿಕೆ ಯಾಕಂದ್ರೆ ಅದು ಸ್ವಲ್ಪ ಖಾರದ ಕ್ಷಾರ, ಅಲ್ಯೂಮಿನಿಯಂ ಕಪ್ಪಾಗತ್ತೆ, ಹಳೇ ಎನಾಮೆಲ್ ಪೇಂಟ್ ಮೆತ್ತಗಾಗತ್ತೆ.

ನನ್ನ ಆಯ್ಕೆ ಅಡಿಗೆ ಸೋಡಾನೇ. ಮೆದುವಾದ ಕ್ಷಾರ, ಜಾಸ್ತಿಯಾದ್ರೂ ದೊಡ್ಡ ಹಾನಿ ಇಲ್ಲ, ಮತ್ತೆ ಎಲ್ಲಕ್ಕಿಂತ ದೊಡ್ಡ ಅನುಕೂಲ ಅಂದ್ರೆ ಅದು ಬುರುಬುರು ಅಂತ ನೊರೆ ಬಂದು ಆಸಿಡ್ ಎಲ್ಲಿದೆ ಅಂತ ತಾನೇ ತೋರಿಸತ್ತೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ನಾಲ್ಕು ದೊಡ್ಡ ಚಮಚ ಹಾಕಿ ಕಲಸಿ, ಹಳೇ ಟೂತ್ ಬ್ರಷ್‌ನಲ್ಲಿ ಸಂದಿ ಸಂದಿಗೂ ಉಜ್ಜಿ, ದೊಡ್ಡ ಸಿರಿಂಜ್ ಇದ್ರೆ ಸೀಮ್ (ಎರಡು ತಗಡು ಸೇರೋ ಸಂದಿ) ಒಳಗೆ ಪಿಚಕಾರಿ ಹೊಡೆದಂಗೆ ಹೊಡೀರಿ. ನೊರೆ ನಿಂತ್ರೆ ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ, ಮತ್ತೆ ನೊರೆ ಬರತ್ತೆ. ಹೀಗೇ ಹೊಸ ಸೋಡಾ ನೀರು ಹಾಕಿದ್ರೂ ನೊರೆ ಬರದೇ ಇರೋವರೆಗೂ. ಇದನ್ನ ಒಂದೇ ದಿನ ಮಾಡಿ ಮುಗಿಸಬೇಡಿ, ಮಾರನೇ ದಿನ ಇನ್ನೊಂದು ಸಲ ಮಾಡಿ ಯಾಕಂದ್ರೆ ರಾತ್ರಿ ಸೀಮ್ ಒಳಗಿಂದ ಆಸಿಡ್ ನಿಧಾನಕ್ಕೆ ಆಚೆ ಬಂದಿರತ್ತೆ. ನನ್ನ ಪದ್ಮಿನೀಲಿ ಮೂರನೇ ದಿನವೂ ಏಪ್ರನ್ ಜಾಯಿಂಟಲ್ಲಿ ನೊರೆ ಬಂತು.

ಇನ್ನೊಂದು, ಎಷ್ಟು ಸೋಡಾ ಬೇಕು ಅನ್ನೋದನ್ನ ಜನ ತುಂಬಾ ಕಡಿಮೆ ಅಂದಾಜು ಮಾಡ್ತಾರೆ. ಲೆಕ್ಕ ಹಾಕಿದ್ರೆ 98 ಗ್ರಾಂ ಶುದ್ಧ ಆಸಿಡ್‌ಗೆ 168 ಗ್ರಾಂ ಅಡಿಗೆ ಸೋಡಾ ಬೇಕು. ಬ್ಯಾಟರಿ ಮಗುಚಿ ಒಂದು ಲೀಟರ್ ಎಲೆಕ್ಟ್ರೋಲೈಟ್ (ಒಳಗಿನ ಆಸಿಡ್ ನೀರು) ಚೆಲ್ಲಿದ್ರೆ ಅದಕ್ಕೆ ಮುಕ್ಕಾಲು ಕೆಜಿಗಿಂತ ಜಾಸ್ತಿ ಸೋಡಾ ಬೇಕಾಗತ್ತೆ. ಟರ್ಮಿನಲ್ ಮೇಲಿನ ಬಿಳಿ ಪುಡಿಗೆ ಒಂದು ಚಮಚ ಸಾಕು, ಚೆಲ್ಲಿದ್ದಕ್ಕೆ ಕೆಜಿ ಪ್ಯಾಕೆಟ್ಟೇ ತನ್ನಿ. ಬ್ಯಾಟರಿ ಮೇಲೆ ತೊಳೆಯೋದಾದ್ರೆ ಮುಚ್ಚಳಗಳು ಬಿಗಿಯಾಗಿರ್ಲಿ, ಸೋಡಾ ನೀರು ಸೆಲ್ ಒಳಗೆ ಹೋದ್ರೆ ಒಳಗಿನ ಆಸಿಡ್ಡೂ ಸಾಯತ್ತೆ, ಬ್ಯಾಟರಿ ಹಾಳು.

ಕೊನೇಲಿ ಧಾರಾಳವಾಗಿ ನೀರು ಹಾಕಿ ತೊಳೆದು, ಪಿಎಚ್ ಪೇಪರ್ ತಗೊಂಡು (ಕಾಲೇಜ್ ಲ್ಯಾಬಿಗೆ ಸಾಮಾನು ಮಾರೋ ಅಂಗಡೀಲಿ ಸಿಗತ್ತೆ) ಡಿಸ್ಟಿಲ್ಡ್ ವಾಟರಲ್ಲಿ ಒದ್ದೆ ಮಾಡಿ ಲೋಹಕ್ಕೆ ಒತ್ತಿ ನೋಡಿ. 7ರ ಆಸುಪಾಸು ಬಂದ್ರೆ ಮುಂದಕ್ಕೆ ಹೋಗಬಹುದು. ಕೆಂಪು ಕಡೆ ತಿರುಗಿದ್ರೆ ಮತ್ತೆ ಸೋಡಾ. ಆಮೇಲೆ ಒಣಗಿಸೋದು, ಬಿಸಿಲಲ್ಲಿ ನಿಲ್ಲಿಸಿ, ಹೇರ್ ಡ್ರೈಯರ್ ಹಿಡೀರಿ, ಏರ್ ಹೊಡೀರಿ, ಏನಾದ್ರೂ ಮಾಡಿ ಸಂದಿ ಒಣಗಬೇಕು.

ತುಕ್ಕು ತೆಗೆಯೋಕೆ

ಇಲ್ಲಿ ಸ್ವಲ್ಪ ಬೇಗ ಹೇಳ್ತೀನಿ. ಗ್ರೈಂಡರ್‌ಗೆ ವೈರ್ ಕಪ್ ಹಾಕಿ ಹೊಡೆಯೋದು ಸುಲಭ, ಮೇಲಿನ ತುಕ್ಕೆಲ್ಲ ಹೋಗತ್ತೆ, ಆದ್ರೆ ಗುಂಡಿ ಒಳಗಿಂದು ಹೋಗಲ್ಲ, ಅದನ್ನೇ ಪಾಲಿಶ್ ಮಾಡಿದಂಗೆ ಹೊಳೆಯೋ ಥರ ಮಾಡಿ ಮೋಸ ಮಾಡತ್ತೆ. ಗುಂಡಿ ಇದ್ರೆ ರಾಸಾಯನಿಕ ಬೇಕು ಅಥವಾ ಬ್ಲಾಸ್ಟಿಂಗ್ (ಗಾಳಿ ಒತ್ತಡದಲ್ಲಿ ಮರಳು ಹೊಡೆಯೋದು) ಬೇಕು.

ಬಿಚ್ಚಿ ತೆಗೆಯೋಕೆ ಬರೋ ಭಾಗ ಆದ್ರೆ, ಅಂದ್ರೆ ಕ್ಲಾಂಪು, ಹಿಡಿಯೋ ರಾಡು, ಬಿಡಿ ಟ್ರೇ, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಚೆನ್ನಾಗಿದೆ. ಲೀಟರ್ ನೀರಿಗೆ 50 ಗ್ರಾಂ ಹಾಕಿ ರಾತ್ರಿಯಿಡೀ ಮುಳುಗಿಸಿಟ್ರೆ ಗುಂಡಿ ಒಳಗಿನ ತುಕ್ಕೂ ಬಿಡತ್ತೆ, ಬೆಳಗ್ಗೆ ತೆಗೆದ ತಕ್ಷಣ ಸೋಡಾ ನೀರಲ್ಲಿ ಅದ್ದಿ ತೊಳೆದು ಒಣಗಿಸಬೇಕು, ಇಲ್ಲಾಂದ್ರೆ ಕಣ್ಣೆದುರಿಗೇ ಕಿತ್ತಳೆ ಬಣ್ಣ ಬರತ್ತೆ. ಸ್ಪ್ರಿಂಗು, ಹೈ ಟೆನ್ಸೈಲ್ ಬೋಲ್ಟು ಇಂಥವನ್ನ ಯಾವ ಆಸಿಡ್‌ನಲ್ಲೂ ಮುಳುಗಿಸಬೇಡಿ, ಹೈಡ್ರೋಜನ್ ಎಳ್ಕೊಂಡು ಪೆಳಸಾಗಿ ಲೋಡ್ ಬಿದ್ದಾಗ ಮುರಿಯೋ ಸಾಧ್ಯತೆ ಇದೆ, ಹೊಸದು ಹಾಕೋದೇ ವಾಸಿ.

ಕಾರಲ್ಲೇ ಇರೋ ತಗಡಿಗೆ ರಸ್ಟ್ ಕನ್ವರ್ಟರ್ ಅಂತ ಸಿಗೋ ಫಾಸ್ಫಾರಿಕ್ ಆಸಿಡ್ ಅಥವಾ ಟ್ಯಾನಿಕ್ ಆಸಿಡ್ ಆಧಾರದ ದ್ರವ. ತುಕ್ಕನ್ನ ಕಪ್ಪು ಪದರವಾಗಿ ಬದಲಾಯಿಸತ್ತೆ. ಉಪಯೋಗ ಇದೆ, ಆದ್ರೆ ಬ್ಯಾಟರಿ ಆಸಿಡ್ ಇನ್ನೂ ಇರೋ ಜಾಗದಲ್ಲಿ ಬಳಿದ್ರೆ ಅದು ಕಪ್ಪಾಗಿ ಕಾಣತ್ತೆ, ಒಳಗೆ ಸಲ್ಫ್ಯೂರಿಕ್ ಹಂಗೇ ಇರತ್ತೆ. ಜೊತೆಗೆ ಮೇಲೆ ಎಪಾಕ್ಸಿ ಪ್ರೈಮರ್ ಹೊಡೆಯೋ ಯೋಚನೆ ಇದ್ರೆ ಡಬ್ಬದ ಮೇಲಿನ ಸೂಚನೆ ಓದಿ, ಎಷ್ಟೋ ಎಪಾಕ್ಸಿಗಳು ಆಸಿಡ್ ಕನ್ವರ್ಟರ್‌ನ ಉಳಿಕೆ ಮೇಲೆ ಸರಿಯಾಗಿ ಹಿಡಿಯಲ್ಲ.

ಬ್ಲಾಸ್ಟಿಂಗ್ ಎಲ್ಲಕ್ಕಿಂತ ಚೊಕ್ಕ ಕೆಲಸ, ಬಿಡಿ ಟ್ರೇಗೆ ಕಣ್ಮುಚ್ಚಿ ಮಾಡಿಸಿ. ಕಾರಿಗೇ ಅಂಟಿರೋ ಏಪ್ರನ್‌ಗೆ ಮಾಡಿಸ್ಬೇಕಂದ್ರೆ ಇಂಜಿನ್ ಇಳಿಸಿರ್ಬೇಕು, ಇಲ್ಲಾಂದ್ರೆ ಮರಳು ಎಲ್ಲೆಲ್ಲಿ ಹೋಗತ್ತೆ ಅಂತ ಹೇಳೋಕಾಗಲ್ಲ, ಜೋರಾಗಿ ಹೊಡೆದ್ರೆ ತೆಳು ತಗಡು ಸೊಟ್ಟ ಬೇರೆ ಆಗತ್ತೆ.

ಟಾಯ್ಲೆಟ್ ತೊಳೆಯೋ ಆಸಿಡ್ ಹಾಕಿ ತುಕ್ಕು ತೆಗೆಯೋರು ಇದಾರೆ. ದಯವಿಟ್ಟು ಅದೊಂದು ಮಾಡಬೇಡಿ. ಅದು ಹೈಡ್ರೋಕ್ಲೋರಿಕ್, ಐದು ನಿಮಿಷಕ್ಕೆ ತಗಡು ಬೆಳ್ಳಗಾಗತ್ತೆ, ಕ್ಲೋರೈಡ್ ಸಂದೀಲಿ ಉಳಿದು ಉಪ್ಪು ನೀರು ಕುಡಿಸಿದಂಗೆ ಮುಂದಿನ ಮಳೆಗಾಲಕ್ಕೆ ಎರಡು ಪಟ್ಟು ತುಕ್ಕು.

ತಗಡಿನ ಕೆಲಸ: ಇಲ್ಲೇ ದುಡ್ಡು ಹೋಗೋದು, ಇಲ್ಲೇ ನಿಧಾನಕ್ಕೆ ಯೋಚಿಸ್ಬೇಕು

ಪೇಂಟ್ ಉಬ್ಬಿದ್ದು ಅಷ್ಟೇ ಆದ್ರೆ ತಗಡು ಮುಟ್ಟೋದೇ ಬೇಡ, ಕೆಳಗೆ ಕೋಟಿಂಗ್ ಭಾಗಕ್ಕೆ ಹೋಗಿ.

ಗುಂಡಿ ಬಿದ್ದಿದೆ ಆದ್ರೆ ತೂತಿಲ್ಲ ಅನ್ನೋ ಮಧ್ಯದ ಸ್ಥಿತೀಲೇ ಜನ ಜಾಸ್ತಿ ತಪ್ಪು ಮಾಡೋದು. ಒಂದು ಬ್ಯಾಟರಿ ಅಂದ್ರೆ ಹತ್ತು ಹದಿನೈದು ಕೆಜಿ, ಹಳ್ಳದಲ್ಲಿ ಕಾರು ಹಾರಿದಾಗ ಆ ತೂಕ ಟ್ರೇ ಮೇಲೆ ಕುಕ್ಕತ್ತೆ. ಎಪಾಕ್ಸಿ ಪುಟ್ಟಿ ಹಾಕಿ ಗುಂಡಿ ತುಂಬಿದ್ರೆ ನೋಡೋಕೆ ಸಪಾಟಾಗತ್ತೆ, ಬಲ ಬರಲ್ಲ. ನನ್ನ ಲೆಕ್ಕ ಹೀಗೆ: ಗುಂಡಿ ಅಲ್ಲಲ್ಲಿ ಇದ್ದು, ಹೆಬ್ಬೆರಳಲ್ಲಿ ಒತ್ತಿದ್ರೆ ತಗಡು ಬಗ್ಗದಿದ್ರೆ ಹಂಗೇ ಉಳಿಸ್ಕೊಳ್ಳಿ, ಎಪಾಕ್ಸಿ ಪ್ರೈಮರ್ ಹೊಡೆದು ಮೇಲೆ ಪ್ಲಾಸ್ಟಿಕ್ ಟ್ರೇ ಹಾಕಿ. ಬಗ್ಗಿದ್ರೆ ಅದನ್ನ ತೂತು ಅಂತಾನೇ ಲೆಕ್ಕ ಹಿಡೀರಿ.

ತೂತಿಗೆ ಇರೋ ದಾರಿಗಳಲ್ಲಿ ಫೈಬರ್ ಅಂದ್ರೆ ಗ್ಲಾಸ್ ಮ್ಯಾಟ್ ಮತ್ತೆ ರೆಸಿನ್ ಹಾಕಿ ಮುಚ್ಚೋದು ಒಂದು. ವೆಲ್ಡಿಂಗ್ ಇಲ್ಲ, ಬೆಂಕಿ ಇಲ್ಲ, ಮನೇಲೇ ಮಾಡಬಹುದು, ಆಸಿಡ್‌ಗೂ ತಕ್ಕಮಟ್ಟಿಗೆ ತಡೆಯತ್ತೆ. ಆದ್ರೆ ಅದು ಅಂಟ್ಕೊಳೋದು ಸುತ್ತಲಿನ ತಗಡಿಗೆ, ಆ ತಗಡು ತುಕ್ಕು ಹಿಡಿದಿದ್ರೆ ಒಂದು ದಿನ ಪೂರ್ತಿ ಚಕ್ಕೆ ಎದ್ದು ಬರತ್ತೆ. ಮೇಲೆ ಯಾವ ಭಾರವೂ ಬೀಳದ ಸಣ್ಣ ತೂತಿಗೆ ಸರಿ, ಬ್ಯಾಟರಿ ಕೂರೋ ತಳಕ್ಕೆ ಬೇಡ.

ಎರಡನೇದು ಪ್ಯಾಚ್. ಇದರಲ್ಲೂ ಎರಡು ಥರ ಇದೆ, ಮೇಲೊಂದು ತಗಡು ಹೊದಿಸಿ ಸುತ್ತ ವೆಲ್ಡ್ ಮಾಡೋದು, ಕೊಳೆತ ಭಾಗ ಕತ್ತರಿಸಿ ತೆಗೆದು ಅಷ್ಟೇ ಅಳತೆ ತಗಡು ಕೂರಿಸಿ ಅಂಚಿಗೆ ಅಂಚು ಸೇರಿಸಿ ವೆಲ್ಡ್ ಮಾಡೋದು. ಬಹಳಷ್ಟು ಕಡೆ ಮೊದಲನೇದು ಮಾಡ್ಕೊಡ್ತಾರೆ, ಬೇಗ ಆಗತ್ತೆ ಅಂತ. ಹೊಸ ತಗಡಿನ ಅಡಿಯಲ್ಲಿ ಹಳೇ ಕೊಳೆತ ತಗಡು, ಮಧ್ಯ ಒಂದು ಸಂದಿ, ಆ ಸಂದೀಲಿ ಆಸಿಡ್ ಮಿಕ್ಕಿರತ್ತೆ, ಒಳಗೆ ಕೈ ಹೋಗಲ್ಲ ಬ್ರಷ್ ಹೋಗಲ್ಲ. ಒಂದೆರಡು ವರ್ಷದಲ್ಲಿ ವೆಲ್ಡಿಂಗ್ ಪಕ್ಕದಲ್ಲೇ ಹೊಸ ತೂತು. ಪ್ಯಾಚ್ ಹೊಡೆಸೋದಾದ್ರೆ ಕತ್ತರಿಸಿ ಕೂರಿಸೋಕೆ ಹೇಳಿ, ಕತ್ತರಿಸೋವಾಗ ಬಿಳಿ ಹೊಳೆಯೋ ತಗಡು ಸಿಗೋವರೆಗೆ ಕತ್ತರಿಸೋಕೆ ಹೇಳಿ, ನೀವೂ ಅಲ್ಲೇ ನಿಂತಿರಿ. ತಗಡು 18 ಅಥವಾ 20 ಗೇಜ್ ಸಿಆರ್‌ಸಿ (ಕೋಲ್ಡ್ ರೋಲ್ಡ್ ಉಕ್ಕಿನ ತಗಡು) ಸಾಕು, ಹಳೇದರ ದಪ್ಪ ಗಟ್ಟಿ ಇರೋ ಕಡೆ ಅಳೆದು ಹೊಂದಿಸಿ. ಗ್ಯಾಲ್ವನೈಸ್ಡ್ ತಗಡು ಹಾಕಿದ್ರೆ ತುಕ್ಕು ಬರಲ್ಲ ಅಂತಾರಲ್ಲ, ಆ ಸತು ಸಲ್ಫ್ಯೂರಿಕ್ ಆಸಿಡ್ ಮುಂದೆ ಕಬ್ಬಿಣಕ್ಕಿಂತ ಬೇಗ ಕರಗತ್ತೆ, ವೆಲ್ಡ್ ಮಾಡೋವಾಗ ಬರೋ ಹೊಗೆ ಮಾಡೋರಿಗೂ ಜ್ವರ ಬರಿಸತ್ತೆ, ಎರಡು ರೀತೀಲೂ ನಷ್ಟ.

ಗ್ಯಾಸ್ ವೆಲ್ಡಿಂಗೋ ಸಿಓಟು ವೆಲ್ಡಿಂಗೋ (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ರಕ್ಷಣೆಯಲ್ಲಿ ಕರೆಂಟಿಂದ ಮಾಡೋದು)? ಹಳೇ ಕೈಗಳು ಗ್ಯಾಸಲ್ಲಿ ತುಂಬಾ ಚಂದ ಮಾಡ್ತಾರೆ, ಬೆಸುಗೆ ಮೆತ್ತಗಿದ್ದು ಆಮೇಲೆ ಸುತ್ತಿಗೆಯಲ್ಲಿ ಬಡಿದು ಸಪಾಟು ಮಾಡೋಕೆ ಬರತ್ತೆ. ಆದ್ರೆ ಬಿಸಿ ಜಾಸ್ತಿ ಹರಡತ್ತೆ, ಏಪ್ರನ್ ಎಳ್ಕೊಂಡು ಸೊಟ್ಟ ಆಗತ್ತೆ, ಪಕ್ಕದ ಪೇಂಟ್ ಸುಡತ್ತೆ. ಇಂಜಿನ್ ಬೇ ಒಳಗೆ ಪೆಟ್ರೋಲ್ ಪೈಪ್ ಪಕ್ಕದಲ್ಲಿ ಮಾಡೋ ಕೆಲಸಕ್ಕೆ ನಾನು ಸಿಓಟುನೇ ಅಂತೀನಿ, ಚುಕ್ಕೆ ಚುಕ್ಕೆ ಹಾಕ್ಕೊಂಡು ಬಿಸಿ ಏರದ ಹಂಗೆ. ಯಾವುದೇ ಆದ್ರೂ ಬ್ಯಾಟರಿ ಕಾರಿಂದ ದೂರ ಇಟ್ಟಿರ್ಬೇಕು, ಚಾರ್ಜ್ ಆಗೋವಾಗ ಬರೋ ಹೈಡ್ರೋಜನ್ ಗಾಳೀಲಿ ನೂರಕ್ಕೆ 4 ಭಾಗ ಸೇರಿದ್ರೆ ಸಾಕು ಕಿಡಿಗೆ ಸಿಡಿಯತ್ತೆ. ಆಲ್ಟರ್ನೇಟರ್ (ಇಂಜಿನ್ ಓಡೋವಾಗ ಬ್ಯಾಟರಿ ಚಾರ್ಜ್ ಮಾಡೋ ಯಂತ್ರ) ಇರೋ ಕಾರಾದ್ರೆ ಅದರ ವೈರ್ ಬಿಚ್ಚಿಡಿ.

ಮೂರನೇದು ಟ್ರೇ ಪೂರ್ತಿ ಬದಲಾವಣೆ. ಅಂಬಾಸಿಡರ್ 2014ರವರೆಗೆ ತಯಾರಾಗಿರೋದ್ರಿಂದ ಬಾಡಿ ಸಾಮಾನು ಹುಡುಕಿದ್ರೆ ಈಗಲೂ ಸಿಗತ್ತೆ. ಪದ್ಮಿನಿ ತಯಾರಿ ನಿಂತು ಸುಮಾರು ಕಾಲು ಶತಮಾನ ಆಯ್ತು, ಬೆಂಗಳೂರಿನ ಜೆ.ಸಿ. ರೋಡ್, ಶಿವಾಜಿನಗರದ ಗುಜರಿ ಕಡೆ ಒಂದೆರಡು ದಿನ ಸುತ್ತಬೇಕು. ಗುಜರಿ ಕಾರಿಂದ ಕತ್ತರಿಸಿ ತಂದ ಟ್ರೇಗೆ ಒಂದು ದೊಡ್ಡ ಲಾಭ ಇದೆ, ಕಂಪನಿ ಒತ್ತಿದ ಆಕಾರ, ಬೋಲ್ಟ್ ತೂತು ಎಲ್ಲಾ ಇದ್ದಂಗೇ ಇರತ್ತೆ, ಕಾರಿನ ಮೂಲ ರೂಪ ಉಳಿಯತ್ತೆ. ಅಪಾಯ ಏನಂದ್ರೆ ಅದೂ ಅದೇ ವಯಸ್ಸಿನ ಕಾರು, ಅದರ ಬ್ಯಾಟರೀನೂ ಅಷ್ಟೇ ಚೆಲ್ಲಿರತ್ತೆ. ಅಂಗಡೀಲೇ ಸ್ಕ್ರೂಡ್ರೈವರ್ ಹಾಕಿ ಚುಚ್ಚಿ ನೋಡಿ, ಬೇಡ ಅಂದ್ರೆ ಬಿಟ್ಟು ಬನ್ನಿ. ಸಿಗದಿದ್ರೆ ಒಳ್ಳೇ ಟಿಂಕರಿಂಗ್ ಕೈಯಲ್ಲಿ ಹೊಸದು ಮಡಿಸಿ ಮಾಡಿಸೋದು. ಹಳೇ ಟ್ರೇ ಎಷ್ಟೇ ಕೊಳೆತಿರ್ಲಿ ಎಸೀಬೇಡಿ, ಅದೇ ಅಳತೆಗೆ ಆಧಾರ, ಬಿಚ್ಚೋ ಮುಂಚೆ ನಾಲ್ಕೂ ಕಡೆಯಿಂದ ಸ್ಕೇಲ್ ಇಟ್ಟು ಫೋಟೋ ತೆಗೀರಿ. ನಾನು ಮಾಡಿದ್ದು ಇದೇ, ಏಪ್ರನ್‌ನಲ್ಲಿ ಅಂಗೈಯಗಲ ಕತ್ತರಿಸಿ ತಗಡು ಕೂರಿಸಿ ಟ್ರೇ ಹೊಸದು ಮಾಡಿಸಿದ್ವಿ. ಮಾಡಿದ ಹಿರಿಯರು ರಟ್ಟಿನಲ್ಲಿ ಮೊದಲು ಮಾದರಿ ಕತ್ತರಿಸಿ, ಹೊಂದಿಸಿ ನೋಡಿ, "ತಮ್ಮಾ, ರಟ್ಟು ಸರಿ ಕೂತ್ರೆ ತಗಡೂ ಕೂರತ್ತೆ" ಅಂದ್ರು, ಹಂಗೇ ಕೂತ್ಕೊಂಡ್ತು.

ಸ್ಟೇನ್‌ಲೆಸ್ ಟ್ರೇ ಬಗ್ಗೆ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಹೇಳೋ ಸಲಹೆ ಅದು. ಅಡುಗೆಮನೆ ಪಾತ್ರೆಗೆ ಬಳಸೋ 304 ಸ್ಟೀಲ್ ನೀರಿಗೆ, ಹುಳಿಗೆ ಚೆನ್ನಾಗಿ ತಡೆಯತ್ತೆ. ಸಲ್ಫ್ಯೂರಿಕ್ ಆಸಿಡ್ ಬ್ಯಾಟರೀಲಿರೋ ಗಾಢತೆಯಲ್ಲಿ ಅದನ್ನೂ ತಿನ್ನತ್ತೆ. ಮಾಮೂಲಿ ತಗಡಿಗಿಂತ ಜಾಸ್ತಿ ದಿನ ಬರಬಹುದು, ಜನ್ಮಕ್ಕೆ ಆಗಲ್ಲ. ಅಷ್ಟು ದುಡ್ಡು ಕೊಟ್ಟು ಮೂಲ ರೂಪಾನೂ ಕಳ್ಕೊಂಡು ಏನು ಬಂತು? ಆಸಿಡ್‌ಗೆ ನಿಜವಾಗಿ ಜಗ್ಗದ್ದು ಪ್ಲಾಸ್ಟಿಕ್, ಬ್ಯಾಟರಿ ಡಬ್ಬಾನೇ ಪಾಲಿಪ್ರೊಪಿಲೀನ್ ಅಲ್ವಾ.

ಇನ್ನು ಏಪ್ರನ್ ಪೂರ್ತಿ ಕಟ್ ಮಾಡೋ ಮಾತು. ಸಸ್ಪೆನ್ಷನ್ ಅಥವಾ ಸ್ಟೀರಿಂಗ್ ಬಾಕ್ಸ್ ಕಚ್ಚಿರೋ ಜಾಗಕ್ಕೆ, ಶಾಸಿ ಮೆಂಬರ್‌ಗೆ ತಿಂದು ಹೋಗಿದ್ರೆ ಮಾತ್ರ. ಅಲ್ಲಿಗೆ ಹೋಗಿದ್ರೆ ಉಳಿತಾಯ ನೋಡಬೇಡಿ, ಅಳತೆ ಹಿಡಿದು ಮಾಡೋರ ಹತ್ರಾನೇ ಕೊಡಿ, ಯಾಕಂದ್ರೆ ಎರಡು ಮಿಲಿಮೀಟರ್ ಆಚೀಚೆ ಆದ್ರೆ ಕಾರು ಒಂದು ಪಕ್ಕ ಎಳೆಯತ್ತೆ. ಅಲ್ಲಿಗೆ ಹೋಗದಿದ್ರೆ ಪೂರ್ತಿ ಕಟ್ ಅನಾವಶ್ಯಕ, ಕಂಪನಿ ವೆಲ್ಡ್ ಉಳಿದಷ್ಟೂ ಕಾರಿಗೆ ಒಳ್ಳೇದು.

ಕೋಟಿಂಗ್

ರೆಡ್ ಆಕ್ಸೈಡ್ ಮೇಲೆ ಎನಾಮೆಲ್, ಎರಡು ಪ್ಯಾಕ್ (ಎರಡು ಡಬ್ಬದ್ದು ಕಲಸಿ ಹೊಡೆಯೋ) ಎಪಾಕ್ಸಿ ಪ್ರೈಮರ್ ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್, ಪೌಡರ್ ಕೋಟಿಂಗ್, ಡಾಂಬರಿನಂಥ ಅಂಡರ್‌ಬಾಡಿ ಕೋಟಿಂಗ್. ರೆಡ್ ಆಕ್ಸೈಡ್ ಗೇಟಿಗೆ ಕಿಟಕಿಗೆ ಒಳ್ಳೇದು, ಇಲ್ಲಿ ಸಾಲದು, ಆಸಿಡ್ ತಾಗಿದ ಕೂಡ್ಲೇ ಎನಾಮೆಲ್ ಉಬ್ಬತ್ತೆ. ಅಂಡರ್‌ಬಾಡಿ ಕೋಟಿಂಗ್ ದಪ್ಪ ಇರತ್ತೆ ಅಂತ ಟ್ರೇಗೂ ಬಳಿಯೋರಿದ್ದಾರೆ, ಬಿರುಕು ಬಿಟ್ರೆ ಅಡಿಯಲ್ಲಿ ತಿಂತಿರೋದು ಕಾಣೋದೇ ಇಲ್ಲ, ನನಗೆ ಆಗಿದ್ದೂ ಅದೇ ಥರ ಆಗಿದ್ದರಿಂದ ಅದನ್ನ ನಾನು ಹತ್ರ ಸೇರಿಸಲ್ಲ. ಬಿಡಿ ಟ್ರೇ ಆದ್ರೆ ಬ್ಲಾಸ್ಟಿಂಗ್ ಮಾಡಿಸಿ ಪೌಡರ್ ಕೋಟಿಂಗ್ ಚಂದ, ಆದ್ರೆ ಒಂದು ಕಡೆ ಕೆತ್ತಿ ಹೋದ್ರೆ ಅಲ್ಲಿಂದ ಒಳಗೊಳಗೇ ಹಬ್ಬತ್ತೆ. ಕಾರಿಗೆ ಅಂಟಿರೋ ತಗಡಿಗೆ ಎರಡು ಪ್ಯಾಕ್ ಎಪಾಕ್ಸಿ ಎರಡು ಕೋಟು, ಸಂದಿಗೆ ಸೀಮ್ ಸೀಲರ್, ಮೇಲೆ ಪಿಯು, ಬಣ್ಣ ಸಾಧ್ಯವಾದಷ್ಟು ತಿಳಿಯಾಗಿರ್ಲಿ. ಕಪ್ಪು ಹೊಡೆದ್ರೆ ಸೋರಿಕೆ ಕಾಣಲ್ಲ. ಎರಡು ಪ್ಯಾಕ್ ಪೇಂಟಿನ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಕರ್ಚೀಫ್ ಕಟ್ಕೊಂಡು ಸ್ಪ್ರೇ ಮಾಡ್ಬೇಡಿ, ಸರಿಯಾದ ಮಾಸ್ಕ್ ಇರೋ ಪೇಂಟರ್ ಹತ್ರ ಮಾಡಿಸಿ.

ಯಾವ ಪೇಂಟಾದ್ರೂ ಅದರ ಮೇಲೆ ಪ್ಲಾಸ್ಟಿಕ್ ಟ್ರೇ ಇರಲೇಬೇಕು. ಬ್ಯಾಟರಿಗಿಂತ ಸ್ವಲ್ಪ ದೊಡ್ಡದಾದ, ಅಂಚು ಎರಡು ಇಂಚು ಎತ್ತರ ಇರೋ ದಪ್ಪ ಪಿಪಿ (ಪಾಲಿಪ್ರೊಪಿಲೀನ್) ಅಥವಾ ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಡಬ್ಬ ಕತ್ತರಿಸಿಟ್ರೂ ನಡೆಯತ್ತೆ. ಬರೀ ರಬ್ಬರ್ ಶೀಟ್ ಹಾಕಿದ್ರೆ ಆಸಿಡ್ ಅದರ ಅಂಚಿಂದ ಅಡಿಗೆ ಹೋಗಿ ನಿಲ್ಲತ್ತೆ, ಶೀಟ್ ಎತ್ತೋವರೆಗೂ ಗೊತ್ತಾಗಲ್ಲ. ಮಳೆನೀರು ಬೀಳೋ ಜಾಗ ಆದ್ರೆ ಡಬ್ಬಕ್ಕೆ ಒಂದು ಮೂಲೇಲಿ ತೂತು ಹಾಕಿ ಸಣ್ಣ ಪ್ಲಾಸ್ಟಿಕ್ ಟ್ಯೂಬ್ ಸಿಕ್ಕಿಸಿ ಶಾಸಿ ದಾಟಿ ಕೆಳಗೆ ನೆಲಕ್ಕೆ ಬೀಳೋ ಹಂಗೆ ಬಿಡಿ. ಇನ್ನೂರು ಮುನ್ನೂರು ರೂಪಾಯಿ ಕೆಲಸ, ಸಾವಿರಗಟ್ಟಲೆ ಟಿಂಕರಿಂಗ್ ಉಳಿಸತ್ತೆ.

ಕೇಬಲ್ಲು

ಟರ್ಮಿನಲ್ ಮೇಲೆ ಬಿಳಿ ಪುಡಿ ಇದ್ರೆ ಸೀಸದ ಸಲ್ಫೇಟ್, ನೀಲಿ ಹಸಿರು ಇದ್ರೆ ತಾಮ್ರದ್ದು, ಅಂದ್ರೆ ಆಸಿಡ್ ಕೇಬಲ್ ಒಳಗಿನ ತಾಮ್ರವನ್ನೇ ತಿಂತಿದೆ. ಆಸಿಡ್ ಬತ್ತಿಗೆ ಎಣ್ಣೆ ಏರಿದಂಗೆ ಎಳೆಗಳ ಮಧ್ಯ ಏರತ್ತೆ. ಲಗ್ (ಕೇಬಲ್ ತುದಿಗೆ ಒತ್ತಿರೋ ಲೋಹದ ತುಂಡು) ಮಾತ್ರ ಹೊಸದು ಹಾಕೋದೋ ಕೇಬಲ್ಲೇ ಬದಲಾಯಿಸೋದೋ ಅಂತ ತೀರ್ಮಾನ ಮಾಡೋಕೆ ಒಂದಿಂಚು ಇನ್ಸುಲೇಷನ್ ಸುಲಿದು ನೋಡಿ, ತಾಮ್ರ ಕೆಂಪಗೆ ಹೊಳೆದ್ರೆ ಅಲ್ಲಿಗೆ ಕತ್ತರಿಸಿ ಲಗ್ ಹಾಕಿಸಿ, ಕಪ್ಪಗಿದ್ರೆ ಇನ್ನೊಂದಿಂಚು ನೋಡಿ, ಆಗಲೂ ಕಪ್ಪಗಿದ್ರೆ ಕೇಬಲ್ ಹೊಸದು. ಜೋಡಿಸಿದ ಮೇಲೆ ಟರ್ಮಿನಲ್ ಮೇಲೆ ವ್ಯಾಸಲೀನ್ ಸವರಿ, ಜೋಡಿಸೋ ಮುಂಚೆ ಅಲ್ಲ.

ಬ್ಯಾಟರಿ ಯಾವುದು, ಮತ್ತೆ ಯಾಕೆ ಚೆಲ್ಲತ್ತೆ

ಹೊಸ ಬ್ಯಾಟರಿ ಆರಿಸೋ ಮುಂಚೆ ಹಳೇದು ಯಾಕೆ ಕಕ್ಕಿತು ಅಂತ ನೋಡಿ. ಇಂಜಿನ್ ಸ್ವಲ್ಪ ರೇಸ್‌ನಲ್ಲಿಟ್ಟು ಟರ್ಮಿನಲ್‌ಗೆ ಮೀಟರ್ ಇಡಿ, 13.8ರಿಂದ 14.4 ವೋಲ್ಟ್ ಒಳಗಿದ್ರೆ ಸರಿ. 15 ಮುಟ್ಟಿದ್ರೆ ಕಟೌಟ್ (ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್) ಕೆಟ್ಟಿದೆ, ಬ್ಯಾಟರಿ ಕುದಿಯತ್ತೆ, ಆಸಿಡ್ ಮಂಜು ಮುಚ್ಚಳದ ತೂತಿಂದ ಆಚೆ ಬಂದು ಸುತ್ತ ಕೂರತ್ತೆ. ನಮ್ಮ ಪದ್ಮಿನೀಲಿ 15.2 ಬರ್ತಿತ್ತು, ಅದನ್ನ ಸರಿಮಾಡದೇ ಎಷ್ಟು ಟ್ರೇ ಬದಲಾಯಿಸಿದ್ರೂ ಅದೇ ಕಥೆ ಆಗ್ತಿತ್ತು. ಇನ್ನೊಂದು ಕಾರಣ ನೀರು ಜಾಸ್ತಿ ತುಂಬೋದು, ಗುರುತಿನ ಮಟ್ಟ ಮೀರಿ ತುಂಬಿದ್ರೆ ಉಕ್ಕಿ ಬರೋದು ಆಸಿಡ್ಡೇ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಮೂರನೇದು ಸಡಿಲ ಕ್ಲಾಂಪ್, ಬ್ಯಾಟರಿ ಅಲುಗಾಡಿ ಚೆಲ್ಲತ್ತೆ.

ನೀರು ಹಾಕೋ ಮಾಮೂಲಿ ಬ್ಯಾಟರಿ ಅಗ್ಗ, ಹಳೇ ಡೈನಮೊ (ಆಲ್ಟರ್ನೇಟರ್‌ಗೂ ಮುಂಚಿನ ಚಾರ್ಜಿಂಗ್ ಯಂತ್ರ) ಮತ್ತೆ ಕಟೌಟ್‌ನ ಏರುಪೇರು ಸ್ವಲ್ಪ ತಡ್ಕೊಳತ್ತೆ, ಹೈಡ್ರೋಮೀಟರ್ ಹಾಕಿ ಪ್ರತಿ ಸೆಲ್ ಆರೋಗ್ಯ ನೋಡಬಹುದು, ಆದ್ರೆ ಚೆಲ್ಲೋದೂ ಇದೇ. ಮೇಂಟೆನೆನ್ಸ್ ಫ್ರೀ ಅಂತ ಮಾರೋದು ಬಹುಪಾಲು ಒಳಗೆ ದ್ರವ ಆಸಿಡ್ ಇರೋದೇ, ಮುಚ್ಚಳ ಮಾತ್ರ ಸೀಲು, ಗಾಳಿತೂತು ಅದಕ್ಕೂ ಇದೆ. ಚೆಲ್ಲೋದು ಕಡಿಮೆ ಆಗತ್ತೆ, ಪೂರ್ತಿ ನಿಲ್ಲಲ್ಲ. ಎಜಿಎಂ ಬ್ಯಾಟರೀಲಿ ಆಸಿಡ್ ಗ್ಲಾಸ್ ಮ್ಯಾಟ್‌ನಲ್ಲಿ ಹೀರಿಕೊಂಡಿರತ್ತೆ, ಚೆಲ್ಲೋ ಪ್ರಶ್ನೆ ಇಲ್ಲ ಅನ್ನಬಹುದು, ಬೆಲೆ ಜಾಸ್ತಿ, ಮತ್ತೆ ಓವರ್‌ಚಾರ್ಜ್ ಆದ್ರೆ ಕಳ್ಕೊಂಡ ನೀರು ಮತ್ತೆ ತುಂಬೋಕೆ ಬರಲ್ಲ, ಸತ್ತೇ ಹೋಗತ್ತೆ.

ನನ್ನ ಹಂಚಿಕೆ ಹೀಗಿದೆ. ಬ್ಯಾಟರಿ ಕಾರೊಳಗೆ, ಸೀಟಿನ ಅಡೀಲಿ, ಡಿಕ್ಕೀಲಿ ಇರೋ ಬೀಟಲ್, ಮಿನಿ ಅಂಥವಕ್ಕೆ ಚಾರ್ಜಿಂಗ್ ಸರಿಮಾಡಿಸಿ ಎಜಿಎಂ ಹಾಕಿ, ಖರ್ಚು ನೋಡಬೇಡಿ. ಹೆರಾಲ್ಡ್‌ಗೂ ಅದೇ ಹೇಳ್ತೀನಿ, ಸ್ನೇಹಿತನ ಕಾರಿಗೆ ಅದನ್ನೇ ಹಾಕಿಸಿದ್ವಿ. ಬಾನೆಟ್ ಅಡಿಯಲ್ಲಿ ಕಣ್ಣೆದುರಿಗೆ ಇರೋ ಅಂಬಾಸಿಡರ್, ಪದ್ಮಿನಿಗೆ ಆಲ್ಟರ್ನೇಟರ್ ಇದ್ರೆ ಮೇಂಟೆನೆನ್ಸ್ ಫ್ರೀ, ಡೈನಮೊ ಇದ್ರೆ ನೀರಿನ ಬ್ಯಾಟರಿ ಹಾಕಿ ತಿಂಗಳಿಗೊಂದು ಸಲ ಬಾನೆಟ್ ಎತ್ತಿ ನೋಡಿ. ಕಾರು ತಿಂಗಳುಗಟ್ಟಲೆ ನಿಲ್ಲೋದಾದ್ರೆ ಯಾವ ಬ್ಯಾಟರಿ ಆದ್ರೂ ಬಿಚ್ಚಿ ಆಚೆ ಇಟ್ಟು ಆಗಾಗ ಚಾರ್ಜ್ ಮಾಡಿ, ಮಳೆಗಾಲದಲ್ಲಿ ನಾನು ಹಂಗೇ ಮಾಡೋದು. ಹಳೇ ಬ್ಯಾಟರೀನ ಹಿತ್ತಲಲ್ಲಿ ಬಿಸಾಕೋದಾಗ್ಲಿ ಆಸಿಡ್ ಚರಂಡಿಗೆ ಸುರಿಯೋದಾಗ್ಲಿ ಬೇಡ, ಒಳಗಿರೋದು ಸೀಸ, ಮಕ್ಕಳಿಗೆ ವಿಷ. ಹೊಸದು ತಗೊಳೋ ಅಂಗಡೀಲೇ ಕೊಟ್ರೆ ಬೆಲೇಲಿ ಕಳೀತಾರೆ.

ಈ ಜೂನ್‌ನಲ್ಲಿ ಬ್ಯಾಟರಿ ಬಿಚ್ಚಿದಾಗ ಪ್ಲಾಸ್ಟಿಕ್ ಡಬ್ಬ ಎತ್ತಿ ಅಡೀಲಿ ಪಿಎಚ್ ಪೇಪರ್ ಒತ್ತಿ ನೋಡಿದೆ, 7. ಏಪ್ರನ್ ಜಾಯಿಂಟಲ್ಲೂ 7. ಪಿಯು ಪೇಂಟ್ ತಿಳಿ ಬೂದು ಬಣ್ಣದ್ದು, ಒಂದು ಕಡೆಯೂ ಉಬ್ಬಿಲ್ಲ.